ಕಮಲಾಪುರಕ್ಕೆ ಕಳಿಸಿದ ಎಣ್ಣೆ

ನಮ್ಮ ಮನೆ ಕಲಬುರಗಿಯ ಶಹಾಬಜಾರದ ಒಂದು ಸಂದಿಯಲ್ಲಿತ್ತು. ಮುಂದೆ ಮನೆ, ಹಿಂದೆ ಗಾಣ. ಎಣ್ಣೆ ತೆಗೆಯುವುದು ಮಗನ ಕಸುಬು, ಬಾಯಿ ಮಾಡುವುದು ಸೊಸೆಯ ಕಸುಬು ಎಂದು ನಮ್ಮತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಸುಳ್ಳೇನಲ್ಲ. ಅಂಥ ನನ್ನ ಬಾಯಿ ಒಂದು ಸಲ, ತೆರೆಯಲೇಬೇಕಾದ ಕಡೆ ಮುಚ್ಚಿಕೊಂಡಿತು. ಅದನ್ನೇ ಬರೆಯಲು ಕೂತಿದ್ದೇನೆ.

ನಿಜಾಮರ ಸರ್ಕಾರದ ಕಾಲ. ಆ ವರ್ಷ ಜೈಲಿನ ದಾರೋಗಾ ಹೊಸದೊಂದು ಪದ್ಧತಿ ತಂದಿದ್ದ. ನಡತೆ ನೆಟ್ಟಗಿದ್ದು, ಶಿಕ್ಷೆ ಮುಗಿಯುತ್ತ ಬಂದ ಕೈದಿಗಳು ಹಗಲು ಊರೊಳಗೆ ಕೆಲಸಕ್ಕೆ ಬರಬಹುದು, ಹೊತ್ತು ಮುಳುಗುವುದರೊಳಗೆ ಜೈಲು ಸೇರಬೇಕು. ಕೆಲಸ ಕೊಟ್ಟವರೇ ಜಾಮೀನು. ಆರು ತಿಂಗಳಾದ ಮೇಲೆ ಕೈದಿಯ ಊರಿಗೆ ಒಂದು ಕಾಗದ ಹೋಗುತ್ತದೆ. ‘ಇವನನ್ನು ಊರಲ್ಲಿ ಇಟ್ಟುಕೊಳ್ಳುತ್ತೇವೆ’ ಎಂದು ಹಿರಿಯರು ಹೆಬ್ಬೆಟ್ಟು ಒತ್ತಿದರೆ ಉಳಿದ ಶಿಕ್ಷೆ ಮಾಫಿ. ನನ್ನ ಗಂಡ ಅಂಥ ಒಬ್ಬನನ್ನು ಗಾಣಕ್ಕೆ ಕರೆತಂದರು. ಹೊಲದ ಬದುವಿನ ಜಗಳದಲ್ಲಿ ಒಬ್ಬನ ತಲೆ ಒಡೆದು, ಅವನು ಸತ್ತು, ಹನ್ನೆರಡು ವರ್ಷ ಒಳಗಿದ್ದವನು. ಕೊಲೆಗಡುಕನಿಗೆ ರೊಟ್ಟಿ ಬಡಿಯುವುದು ನನ್ನಿಂದಾಗದು ಎಂದು ಅಡುಗೆಮನೆಯಿಂದಲೇ ಕೂಗಾಡಿದೆ.

ಹೊರಗೆ ಬಂದು ನೋಡಿದರೆ ಆತ ಕೈಮುಗಿದು, “ಯವ್ವಾ, ನೀವು ನಮ್ಮ ಕಮಲಾಪುರದ ಮಗಳಲ್ರೀ?” ಅಂದ. ನನ್ನ ತವರಿನವನು! ಅವನ ಹೆಂಡತಿ ನನ್ನ ಜೊತೆ ಬಾವಿಗೆ ಹೋಗಿ ನೀರು ಹೊತ್ತವಳು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಮೊದಲ ದಿನವೇ ಒಂದು ತಮಾಷೆಯಾಯಿತು. ಎತ್ತನ್ನು ಬಿಚ್ಚಿ ಗೋದಲಿಗೆ ಕಟ್ಟಿ, ಗಾಣದ ಮರಕ್ಕೆ ತಾನೇ ಹೆಗಲು ಕೊಟ್ಟು ಸುತ್ತತೊಡಗಿದ.

“ಅಯ್ಯ ಹುಚ್ಚಪ್ಪಾ! ಎತ್ತು ನಿನ್ನ ಬೀಗನೇನು, ಕುಂದರಿಸಿ ಉಪಚಾರ ಮಾಡ್ಲಿಕತ್ತೀ?” ಎಂದು ನಕ್ಕೆ.

“ಜೈಲಿನಾಗ ನಾವೇ ಎತ್ತುರಿ,” ಅಂದ. ಅಲ್ಲಿ ಗಾಣಕ್ಕೆ ಮನುಷ್ಯರನ್ನೇ ಹೂಡುತ್ತಿದ್ದರಂತೆ. ನನ್ನ ನಗು ಅಲ್ಲೇ ನಿಂತಿತು.

ಎತ್ತಿನ ಹಿಂದೆ ನಡೆಯುವುದು ರೂಢಿಯಾಗಲು ಅವನಿಗೆ ತಿಂಗಳೇ ಹಿಡಿಯಿತು. ರೊಟ್ಟಿ ಕೊಟ್ಟರೆ ಕೈಯಲ್ಲಿ ಹಿಡಿದು ಕೂತಿರುತ್ತಿದ್ದ. ‘ತಿನ್ನಪ್ಪಾ’ ಎಂದ ಮೇಲೆಯೇ ತಿನ್ನುತ್ತಿದ್ದ. ಮಾತಾಡಿದರೆ ಮಗಳದೊಂದೇ ಮಾತು. “ನಾ ಹೋಗೋ ಮುಂದ ತೊಟ್ಟಿಲದಾಗಿದ್ಳರಿ. ಈಗ ಎಷ್ಟು ಎತ್ತರ ಆಗ್ಯಾಳೋ ಏನೋ.”

ಪಂಚಮಿಗೆ ನಾನು ಏಳೆಂಟು ವರ್ಷಗಳ ಮೇಲೆ ತವರಿಗೆ ಹೊರಟೆ. ಅಷ್ಟರಲ್ಲಿ ಆರು ತಿಂಗಳು ತುಂಬಿ, ಕಾಗದ ಕಮಲಾಪುರ ತಲುಪಿತ್ತು. ಅಲ್ಲಿನ ಹಿರಿಯರಲ್ಲಿ ನನ್ನಣ್ಣನ ಮಾತೇ ಮಾತು. ಕೈದಿ ಕುಸುಬಿ ಎಣ್ಣೆಯನ್ನು ಎರಡು ಸಲ ಬಟ್ಟೆಯಲ್ಲಿ ಸೋಸಿ ಸಣ್ಣ ಗಡಿಗೆಯಲ್ಲಿ ತುಂಬಿ ತಂದ. “ಮಗಳ ತಲಿಗಿ ಹಚ್ಚು ಅಂತ ಆಕಿಗಿ ಹೇಳ್ರಿ ಯವ್ವಾ. ಅಣ್ಣಾರಿಗಿ ನನ್ನದೊಂದು ಮಾತು ಹೇಳ್ರಿ.” ನಿನ್ನನ್ನು ಊರು ಸೇರಿಸದೆ ಬಿಡುವುದಿಲ್ಲ ಎಂದು ದೊಡ್ಡದಾಗಿ ಹೇಳಿ ಗಾಡಿ ಹತ್ತಿದೆ.

ಮರುದಿನ ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ನನ್ನನ್ನು ನೋಡಲು ಬಂದರು. ಕುಂಕುಮದ ಬಟ್ಟಲು ಹಿಡಿದು ಒಬ್ಬೊಬ್ಬರಿಗೇ ಹಚ್ಚುತ್ತ ಹೋದೆ. ಬಾಗಿಲ ಮರೆಯಲ್ಲಿ ತಲೆತುಂಬ ಸೆರಗು ಹೊದ್ದು ಅವನ ಹೆಂಡತಿ ನಿಂತಿದ್ದಳು. ಖುಷಿಯಲ್ಲಿ ಅವಳ ಕೈ ಹಿಡಿದೆಳೆದು ಹಣೆಗೆ ಕುಂಕುಮ ಹಚ್ಚಿಯೇಬಿಟ್ಟೆ.

“ಏನ್ ಮಾಡಿದಿ ನೀ! ಆಕಿ ಗಂಡ ಸತ್ತು ಆರು ವರ್ಷಾತು,” ಎಂದು ಅತ್ತಿಗೆ ನನ್ನ ಕೈ ಹಿಡಿದಳು.

ಆಗ ನೋಡಿದೆ, ಗೆಳತಿಯ ಕೈಯಲ್ಲಿ ಬಳೆ ಇರಲಿಲ್ಲ. ‘ಸತ್ತನೇ? ನಮ್ಮ ಗಾಣದಾಗ…’ ಎಂದು ಬಾಯಿ ತೆರೆದೆ. ಅವಳು ನನ್ನನ್ನು ನೋಡಿದ ರೀತಿಗೆ ಉಳಿದ ಮಾತು ನುಂಗಿಕೊಂಡೆ.

ಎಲ್ಲರೂ ಹೋದ ಮೇಲೆ ಹಿತ್ತಲಲ್ಲಿ ನನ್ನ ಕಾಲು ಹಿಡಿದಳು. ಅವನ ಪಾಲಿನ ಹೊಲದಾಸೆಗೆ ಮೈದುನರು ‘ಜೈಲಿನಿಂದ ಸುದ್ದಿ ಬಂತು’ ಎಂದು ಸುಳ್ಳು ಹೇಳಿ ಅವನ ತಿಥಿ ಮಾಡಿ, ಅವಳ ಬಳೆ ಒಡೆಸಿದ್ದರು. ಬದುಕಿದ್ದಾನೆಂದು ಅವಳಿಗೆ ಆಮೇಲೆ ತಿಳಿಯಿತು. ತಿಳಿದೂ ಸುಮ್ಮನಿದ್ದಳು.

“ಈ ಶ್ರಾವಣದಾಗ ಮಗಳ ಮದುವಿ ಅದ. ಬೀಗರು ದೂರದ ಊರಿನವರು, ಅಪ್ಪ ಇಲ್ಲದ ಹುಡುಗಿ ಅಂತ ಕನಿಕರ ಪಟ್ಟು ಒಪ್ಪ್ಯಾರ. ಜೈಲಿನಾಂವನ ಮಗಳು ಅಂತ ತಿಳಿದ್ರ ಯಾರೂ ನಮ್ಮ ಹೊಸ್ತಿಲ ತುಳಿಯಂಗಿಲ್ಲ. ನಿನ್ನ ಪಾದ ಹಿಡೀತೀನಿ, ಆತ ಸತ್ತಾಂವನೇ ಇರ್ಲಿ.”

ಹಣೆಯ ಕುಂಕುಮವನ್ನು ಸೆರಗಿನಿಂದ ತಾನೇ ಒರೆಸಿಕೊಂಡಳು. ನಾನು ಕೊಟ್ಟ ಎಣ್ಣೆಯ ಗಡಿಗೆಯನ್ನು ಮಾತ್ರ ಎದೆಗೊತ್ತಿಕೊಂಡು, “ಅರಿಶಿಣದ ದಿನ ಮಗಳ ತಲಿಗಿ ಇದನ್ನೇ ಹಾಕ್ತೀನಿ,” ಅಂದಳು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ಸಂಜೆ ಅಣ್ಣ ಕಾಗದ ಮುಂದಿಟ್ಟ. “ಇದು ಬಂದ ಮ್ಯಾಲೇ ನನಗೂ ಗೊತ್ತಾತು, ಆತ ಬದುಕ್ಯಾನ ಅಂತ. ನೀ ದಿನಾ ಕಂಡಾಕಿ. ಒಳ್ಳೇಂವ ಅದಾನ ಅಂದ್ರ ನಾಳೆ ಹಿರಿಯರನ್ನ ಕೂಡಿಸಿ ಹೆಬ್ಬಟ್ಟು ಒತ್ತಿಸ್ತೀನಿ. ಏನಂತಿ ತಂಗಿ?”

“ಮದುವಿ ಆದಮ್ಯಾಲ ಒತ್ತಿದ್ರ?”

“ಆಮ್ಯಾಲ ತಿಳಿದ್ರೂ ಹುಡುಗೀನ್ನ ತವರಿಗಿ ಹೊಳ್ಳಿ ಕಳಸ್ತಾರ.”

ಜಗಳಕ್ಕೆ ನಿಂತರೆ ಇಡೀ ಶಹಾಬಜಾರಕ್ಕೆ ಕೇಳಿಸುತ್ತಿದ್ದ ನನ್ನ ಬಾಯಿಂದ, “ಹಂಗಾದ್ರ ಬ್ಯಾಡಣ್ಣ,” ಎಂಬಷ್ಟೇ ಹೊರಟಿತು.

ಕಲಬುರಗಿಗೆ ಬಂದಾಗ ಆತ ಗಾಡಿಯ ಎದುರಿಗೇ ಓಡಿಬಂದ. “ತಗೊಂಡಳೇನ್ರಿ?”

“ತಗೊಂಡಳಪ್ಪಾ. ಮಗಳ ತಲಿಗಿ ಹಾಕ್ತೀನಿ ಅಂದಳು.”

“ಮಗಳು?”

“ನನ್ನ ಭುಜಕ್ಕ ಬರ್ತಾಳ.”

ಅಂದು ಖುಷಿಗೆ ಎತ್ತಿನ ಜೊತೆ ತಾನೂ ಗಾಣಕ್ಕೆ ಹೆಗಲು ಕೊಟ್ಟ. ನಾನು ಬೈಯಲಿಲ್ಲ. ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತೆ.

ಹದಿನೈದು ದಿನಕ್ಕೆ ಸಿಪಾಯಿ ಬಂದು ಹುಕುಂ ಓದಿದ. ಕಮಲಾಪುರದ ಹಿರಿಯರು, ಈ ಮನುಷ್ಯ ಸತ್ತು ಆರು ವರ್ಷವಾಯಿತು, ಸತ್ತವನನ್ನು ಊರಿಗೆ ಸೇರಿಸಿಕೊಳ್ಳಲು ಬರುವುದಿಲ್ಲ ಎಂದು ಬರೆಸಿದ್ದರು. ಊರು ಒಲ್ಲೆಂದವನಿಗೆ ಹೊರಗಿನ ಕೆಲಸವೂ ಇಲ್ಲ. ಈಗಲೇ ಜೈಲಿಗೆ ನಡೆಯಬೇಕು.

ಆತ ಎತ್ತಿನ ಹಗ್ಗ ಹಿಡಿದೇ ನಿಂತಿದ್ದ. “ಸತ್ತಾಂವ ಕಳಿಸಿದ ಎಣ್ಣಿ ಆಕಿ ಯಾಕ ತಗೊಂಡಳ್ರಿ ಯವ್ವಾ?” ಅಂದ.

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. “ಮಗಳ ಮದುವಿ ಅದಪ್ಪಾ,” ಅಂದೆ.

“ಯಾವಾಗ್ರಿ?”

“ನಾಳಿ. ಇವತ್ತ ಅರಿಶಿಣ.”

ಎಣ್ಣೆ ಹತ್ತಿದ ತನ್ನ ಅಂಗೈಗಳನ್ನು ನೋಡಿಕೊಂಡ. ಆಮೇಲೆ ಎತ್ತಿನ ಹಗ್ಗವನ್ನು ನನ್ನ ಕೈಗೆ ಕೊಟ್ಟು, “ಊರಾಗ ಯಾರರ ಕೇಳಿದ್ರ, ಸತ್ತಾನ ಅಂತನೇ ಹೇಳ್ರಿ ಯವ್ವಾ,” ಎಂದು ಸಿಪಾಯಿಗಿಂತ ಮುಂದಾಗಿ ನಡೆದ.