ಕಲಬುರಗಿ ಮನೆಯ ಒಪ್ಪಿಗೆ

ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಮನೆ ಅಂದರೆ ಸಾಕು, ನಮ್ಮ ಮೂಲ ಊರಾದ ಕಮಲಾಪುರದ ಮಂದಿ ನಮ್ಮನ್ನು ಸಾಹೇಬರ ಸಾಲಿಗೆ ಸೇರಿಸಿಬಿಡುತ್ತಾರೆ. ಯಾರದೋ ದೊಡ್ಡ ಮನೆಯ ಹಿಂಬದಿಯ ಎರಡು ಕೋಣೆ ನಮ್ಮದು, ಅದೂ ಬಾಡಿಗೆಯದು ಎಂದು ಹೇಳಿದರೆ ನಂಬುವುದಿಲ್ಲ. ಮಕ್ಕಳ ಶಾಲೆ ನಡೆದು ಹೋಗುವಷ್ಟು ಹತ್ತಿರ, ಆಟೋ ಖರ್ಚು ಉಳಿಯುತ್ತದೆ ಎಂಬ ಒಂದೇ ಆಸೆಗೆ ನಾವು ಇಲ್ಲಿಗೆ ಬಂದು ಬಿದ್ದವರು. ನಮ್ಮ ಮನೆಯವರು ಇದೇ ಕಾಲೋನಿಯ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. ನಾನು ಮನೆಯಲ್ಲೇ ಸೀರೆಗೆ ಫಾಲ್ಸ್ ಹಚ್ಚುತ್ತೇನೆ, ಬ್ಲೌಸ್ ಹೊಲಿಯುತ್ತೇನೆ. ಮಗಳು ಎಂಟನೆಯ ತರಗತಿ, ಮಗ ಮೂರನೆಯದು.

ಕೈ ಬಿಗಿ ಇದ್ದ ಮನೆಯಲ್ಲಿ ಮಕ್ಕಳನ್ನು ಎರಡು ಥರ ಬೆಳೆಸಬಹುದು. ಇಲ್ಲದ್ದನ್ನು ಮುಚ್ಚಿಟ್ಟು ಬೆಳೆಸಬಹುದು, ಇಲ್ಲ ಅಂದರೆ ಇಲ್ಲ ಎಂದು ಎದುರಿಗೇ ಹೇಳಿ ಬೆಳೆಸಬಹುದು. ನನಗೆ ಮುಚ್ಚಿಡುವ ಚಾಳಿ ಮೊದಲಿನಿಂದಲೂ ಇಲ್ಲ, ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂದೇ ಬರುತ್ತದೆ. ಹಾಗಾಗಿ ನಮ್ಮಲ್ಲಿ ಏನಾದರೂ ದೊಡ್ಡದು ತರುವುದಿದ್ದರೆ ನಾಲ್ವರೂ ಕೂತು ಮಾತಾಡುತ್ತೇವೆ. ನಮ್ಮ ಮನೆಯವರು ಒಬ್ಬೊಬ್ಬರನ್ನೇ ಕೇಳುತ್ತಾರೆ, ಒಪ್ಪಿಗೆಯೋ ಇಲ್ಲವೋ ಎಂದು. ಇಲ್ಲ ಅಂದವರು ಯಾಕೆ ಅನ್ನುವುದನ್ನು ಹೇಳಬೇಕು. ಹೇಳಿದ ಕಾರಣ ಸರಿಯಿದ್ದರೆ ಮುಗಿಯಿತು, ಆ ಸಾಮಾನು ಬರುವುದಿಲ್ಲ. ಹೇಳಿದವರು ದೊಡ್ಡವರೋ ಚಿಕ್ಕವರೋ ಎಂಬ ಪ್ರಶ್ನೆಯೇ ಇಲ್ಲ.

ಇದರ ಬಿಸಿ ಎಲ್ಲರಿಗೂ ತಟ್ಟಿದೆ. ಅಪ್ಪನಿಗೆ ಹೊಸ ಫೋನಿನ ಆಸೆ ಹುಟ್ಟಿದಾಗ ಮಗ, "ಹಳೇದರಾಗ ಮಾತು ಕೇಳಸ್ತದ, ಟಾರ್ಚ್ ಹತ್ತತದ, ಮತ್ತ್ಯಾಕ?" ಎಂದು ಕೇಳಿ ಅವರ ಮುಖ ಸಣ್ಣದು ಮಾಡಿದ. ನನ್ನ ತಮ್ಮನ ಮದುವೆಗೆಂದು ನಾನೊಂದು ಇಳಕಲ್ ಸೀರೆ ನೋಡಿಟ್ಟು ಬಂದಿದ್ದೆ. ಮಗಳು ನನ್ನ ಮುಖ ನೋಡಿಯೇ ಹೇಳಿದಳು. "ಸೀರಿ ಒಂದ ದಿನದ್ದು ಅವ್ವಾ. ಕೂಲರ್ ಕೆಟ್ಟು ಕುಂತದ, ಬ್ಯಾಸಗಿ ಪೂರಾ ಬಾಕಿ ಅದ." ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ಜೊತೆ ಎರಡು ದಿನ ನೆಟ್ಟಗೆ ಮಾತಾಡಲಿಲ್ಲ. ಆದರೆ ಕಲಬುರಗಿಯ ಬಿಸಿಲಿನ ಎದುರು ಯಾವ ಸೀರೆ ನಿಂತೀತು? ಕೂಲರ್ ರಿಪೇರಿ ಆಯಿತು, ನಾನು ಮನೆಯಲ್ಲಿದ್ದ ಹಳೆಯ ನೀಲಿ ಸೀರೆಯಲ್ಲೇ ಮದುವೆ ಮುಗಿಸಿ ಬಂದೆ.

ಕಾಲೋನಿಯ ಹೆಂಗಸರು ಬ್ಲೌಸಿನ ಅಳತೆ ಕೊಡಲು ಬಂದಾಗ ಇದನ್ನು ಕಂಡು ನಗುತ್ತಿದ್ದರು. ಮಕ್ಕಳನ್ನು ತಲೆ ಮೇಲೆ ಕೂರಿಸಿಕೊಂಡಿದ್ದೀರಿ ಎಂದೂ ಅಂದವರುಂಟು. ಕೂತರೆ ಕೂರಲಿ, ನನ್ನ ತಲೆ ಗಟ್ಟಿಯಿದೆ ಎಂದು ನಾನೂ ಹೇಳಿ ಕಳಿಸುತ್ತಿದ್ದೆ.

ನಿಜವಾದ ಸಂಕಟ ಬೇರೆಯೇ ಇತ್ತು, ಅದು ಕಮಲಾಪುರದಲ್ಲಿತ್ತು. ನಮ್ಮ ಮನೆಯವರ ಅಣ್ಣತಮ್ಮಕಿ, ಅಂದರೆ ಒಂದೇ ಮನೆತನದಿಂದ ಒಡೆದು ಹೋದ ಮನೆಗಳು, ಎಲ್ಲವೂ ಅಲ್ಲೇ. ಒಂದು ಕಾರ್ಯ ಅಂದರೆ ನಾಲ್ವರ ಬಸ್ ಖರ್ಚು, ಕೊಡುವ ಬಟ್ಟೆಬರೆ, ಅಂಗಡಿಯ ಒಂದು ದಿನದ ಪಗಾರ. ಹೀಗೆಂದು ಕೆಲವನ್ನು ತಪ್ಪಿಸಿದೆವು. ಅವರೂ ಕರೆದು ಕರೆದು ಬೇಸತ್ತಿರಬೇಕು. ಹೋದ ವರ್ಷ ಮಗುವೊಂದರ ಮೊದಲ ಕೂದಲು ತೆಗೆಸುವ ಜಾವಳದ ಕಾರ್ಯ ನಡೆದದ್ದು ನಮಗೆ ತಿಳಿದದ್ದೇ ಮುಗಿದ ಮೇಲೆ. ಮನೆತನದ ಮನೆಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆಯುವಾಗ ನಮ್ಮದನ್ನು ಕರೆಯಲೇ ಇಲ್ಲವಂತೆ. ಅದನ್ನು ಕೇಳಿ ನಮ್ಮ ಮನೆಯವರು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು. "ನಮ್ಮ ಮನಿ ಇಲ್ಲಂದಂಗ ಆಯ್ತು," ಎಂದಷ್ಟೇ ಅಂದರು. ಸಿಟ್ಟು ಮಾಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಅಷ್ಟರಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆಗಿತ್ತು. ಆಧಾರ್ ಕಾರ್ಡ್ ತೋರಿಸಿದರೆ ನನಗೂ ಮಗಳಿಗೂ ಟಿಕೆಟ್ಟಿಗೆ ದುಡ್ಡಿಲ್ಲ. ಗಂಡಸರಿಗೆ ಪೂರ್ತಿ ದುಡ್ಡು. ಹೀಗಾಗಿ ನಮ್ಮ ಮನೆಯಲ್ಲಿ ಊರು ತಿರುಗುವ ಕೆಲಸವೆಲ್ಲ ನಮ್ಮಿಬ್ಬರಿಗೆ ಬಂತು, ಮನೆ ಕಾಯುವ ಕೆಲಸ ಗಂಡಸರಿಗೆ. ಕಮಲಾಪುರದ ಸಂತೆಯಿಂದ ಜೋಳ, ತರಕಾರಿ, ಒಮ್ಮೊಮ್ಮೆ ಆಸೆಗೆಂದು ಕೆಂಪು ಬಾಳೆಹಣ್ಣು, ಎಲ್ಲವನ್ನೂ ನಾವೇ ಹೊತ್ತು ತರುತ್ತಿದ್ದೆವು. ನಮ್ಮ ಮನೆಯವರು ಅನ್ನ ಬಸಿಯುವುದನ್ನು ಕಲಿತರು.

ಆ ಹೊತ್ತಿಗೇ ಕಮಲಾಪುರದಿಂದ ಫೋನು ಬಂತು. ನಮ್ಮ ಮನೆಯವರ ದೊಡ್ಡಪ್ಪನ ಮಗನ ಮಗಳಿಗೆ ನಿಶ್ಚಯ, ಬರಬೇಕು ಎಂದು. ಆ ಹುಡುಗಿ ಕಲಬುರಗಿಯಲ್ಲೇ ಡಿಗ್ರಿಯ ಕಡೆಯ ವರ್ಷ ಓದುತ್ತಿದ್ದಳು. ಕಾಲೇಜು ಬೇಗ ಬಿಟ್ಟ ದಿನ ನಮ್ಮಲ್ಲಿ ಬಂದು ಊಟ ಮಾಡಿ, ನನ್ನ ಮಗಳಿಗೆ ಗಣಿತ ಹೇಳಿಕೊಟ್ಟು ಹೋಗುವಳು. ಪರೀಕ್ಷೆಯ ದಿನಗಳಲ್ಲಿ ನಮ್ಮ ಮನೆಯಲ್ಲೇ ಉಳಿಯುವುದೆಂದು ಮಾತಾಗಿತ್ತು.

ಅಂಗಡಿಯಲ್ಲಿ ರಜೆ ಸಿಗಲಿಲ್ಲ. ನಾನೂ ಮಗಳೂ ಹೊರಟೆವು. ಈ ಸಲ ನಾವು ಕಣ್ಣಿಗೆ ಬೀಳಲೇಬೇಕು, ಇಲ್ಲದಿದ್ದರೆ ಇನ್ನು ಮುಂದೆ ಕರೆಯೇ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಮಗಳಿಗೆ ಹೇಳಿದೆ, "ಅಲ್ಲಿ ಹೋಗಿ ನಮ್ಮ ಮನಿಯಾಗ ಮಾತಾಡಿದಂಗ ಮಾತಾಡಬ್ಯಾಡ. ಕೇಳಿದ್ದಕ್ಕಷ್ಟ ಉತ್ತರ ಕೊಡು." ಅವಳು ತಲೆಯಾಡಿಸಿದಳು.

ಪಡಸಾಲೆಯಲ್ಲಿ ಜಮಖಾನ ಹಾಸಿ ಗಂಡಸರೆಲ್ಲ ಕೂತಿದ್ದರು. ಒಂದು ಕಡೆ ಗಂಡಿನವರು, ಇನ್ನೊಂದು ಕಡೆ ನಮ್ಮ ಮನೆತನದವರು. ನಡುವೆ ಮನೆತನಕ್ಕೆಲ್ಲ ಹಿರಿಯರಾದ ಮುತ್ಯಾ. ಹೆಂಗಸರು ನಾವು ಒಳಕೋಣೆಯಲ್ಲಿ, ಬಾಗಿಲಿಗೆ ಹತ್ತಿಕೊಂಡು ಕೂತಿದ್ದೆವು. ಮಗಳು ಹೊರಗೆ ಚಹಾದ ತಟ್ಟೆ ಹಿಡಿದು ಓಡಾಡುತ್ತಿದ್ದಳು. ಅಯ್ಯನವರು ಪಂಚಾಂಗ ನೋಡಿ ಮದುವೆಯ ತಾರೀಖು ಹೇಳಿದರು. ಹೇಳಿದ್ದೇ ತಡ, ನನ್ನ ಪಕ್ಕದಲ್ಲಿ ಕೂತಿದ್ದ ಮದುವಣಗಿತ್ತಿ ತಲೆ ತಗ್ಗಿಸಿದಳು. ಅದು ಅವಳ ಪರೀಕ್ಷೆಯ ವಾರ. ಒಳಗಿದ್ದ ನಮಗೆಲ್ಲ ಅದು ಗೊತ್ತಿತ್ತು, ಆದರೆ ತಾರೀಖು ಗಟ್ಟಿಯಾಗುವುದು ಹೊರಗೆ, ಜಮಖಾನದ ಮೇಲೆ.

ತಾರೀಖು ಬರೆಯುವ ಮೊದಲು ಮನೆತನದ ಒಂದೊಂದು ಮನೆಯ ಒಪ್ಪಿಗೆ ಕೇಳುವುದು ಅಲ್ಲಿಯ ಪದ್ಧತಿ. ಮುತ್ಯಾ ಕರೆಯುತ್ತಾರೆ, ಆ ಮನೆಯವರು ಒಪ್ಪಿಗೆ ಅನ್ನುತ್ತಾರೆ. ಇಲ್ಲ ಅಂದದ್ದನ್ನು ಯಾರೂ ಕೇಳಿದ್ದಿಲ್ಲ. ಒಪ್ಪಿಗಿ, ಒಪ್ಪಿಗಿ ಎಂದು ಸಾಲು ಮುಂದುವರಿಯಿತು. "ಕಲಬುರಗಿ ಮನಿ?" ಎಂದರು ಮುತ್ಯಾ.

"ಅವರ ಮನಿ ಗಂಡಸರು ಬಂದಿಲ್ಲ ಬಿಡ್ರಿ, ಮುಂದಿಂದು ಕೇಳ್ರಿ," ಎಂದು ಯಾರೋ ನಕ್ಕರು.

ನನಗೆ ಭೂಮಿಗಿಳಿದು ಹೋದಂತಾಯಿತು. ಆದರೆ ಮುತ್ಯಾ ಮುಂದೆ ಹೋಗಲಿಲ್ಲ. ಚಹಾದ ತಟ್ಟೆ ಹಿಡಿದು ನಿಂತವಳನ್ನು ನೋಡಿ, "ಮಗಳು ಬಂದಾಳಲ್ಲ. ಬಾ ಯವ್ವಾ, ಇಲ್ಲಿ ಕುಂದ್ರು. ನಿಮ್ಮ ಮನಿ ಒಪ್ಪಿಗಿ ಅದನು?" ಎಂದು ಕೇಳಿದರು.

ಅದು ಬರಿಯ ಪದ್ಧತಿಯ ಮಾತು ಎಂದು ಆ ಹುಡುಗಿಗೆ ಹೇಗೆ ತಿಳಿಯಬೇಕು? ಹುಟ್ಟಿದಾಗಿನಿಂದ ಅವಳನ್ನು ಕೇಳಿದವರೆಲ್ಲ ಉತ್ತರ ಬೇಕಾಗಿಯೇ ಕೇಳಿದ್ದರು. ತಟ್ಟೆ ಕೆಳಗಿಟ್ಟು ಜಮಖಾನದ ಅಂಚಿಗೆ ಕೂತು, ತುಸು ಯೋಚಿಸಿ ಹೇಳಿದಳು.

"ಈ ತಾರೀಖಿಗಿ ಒಪ್ಪಿಗಿ ಇಲ್ರಿ ಮುತ್ಯಾ."

ಹೆಣ್ಣಿನ ತಂದೆ, "ಏ, ಒಳಗ ನಡಿ ನೀ!" ಎಂದು ಗದರಿದರು. ಒಳಗೆ ಯಾರೋ ನನ್ನ ತೋಳು ಚಿವುಟಿ, "ಕರಕೋ ಅಕಿನ್ನ," ಎಂದರು. ಮುಗಿಯಿತು, ಇನ್ನು ಈ ಊರಿನಲ್ಲಿ ನಮ್ಮ ಹೆಸರು ಎತ್ತುವವರಿಲ್ಲ ಅಂದುಕೊಂಡೆ. ಎದ್ದು ಬಾಗಿಲ ತನಕ ಬಂದೆ. ಮಗಳು ಹೆದರಿದ್ದಳು, ಕಿವಿ ಕೆಂಪಾಗಿದ್ದವು, ಆದರೆ ಎದ್ದಿರಲಿಲ್ಲ. ನಾನು ಕರೆಯಲಿಲ್ಲ. ಬಾಗಿಲಲ್ಲೇ ಎಲ್ಲರಿಗೂ ಕಾಣುವ ಹಾಗೆ ನಿಂತೆ.

"ಕಾರಣ ಹೇಳು," ಎಂದರು ಮುತ್ಯಾ.

"ಅಕ್ಕಂದು ಕಡೀ ಪರೀಕ್ಷಾ ಅದೇ ವಾರದಾಗ ಅದ್ರಿ. ಮುಗದ ಮ್ಯಾಲ ಇಟ್ರ ಒಪ್ಪಿಗಿ ಅದ."

"ಮದುವಿ ಆದ ಮ್ಯಾಲ ಬರೀತಾಳ ತಗೋ," ಎಂದರು ಮಗಳಿಗೆ ದೊಡ್ಡಪ್ಪನಾಗಬೇಕಾದ ಹೆಣ್ಣಿನ ತಂದೆ.

"ಬರೀಲಿಕ್ಕಿ ಆಗಲಿಲ್ಲಂದ್ರ, ದೊಡ್ಡಪ್ಪಾ?"

ಸಣ್ಣ ಹುಡುಗಿ ಮಾತಿಗೆ ಇಷ್ಟೇಕೆ ಎಂದು ಒಬ್ಬರು ಗೊಣಗಿದಾಗ ಮುತ್ಯಾ ಅವರ ಕಡೆ ತಿರುಗಿದರು. "ಕೇಳಿದಾಂವ ನಾ. ಅಕಿ ಹೇಳ್ಯಾಳ. ಕಲಬುರಗಿ ಮನಿ ಒಪ್ಪಿಗಿ ಇಲ್ಲ, ಈ ತಾರೀಖು ಬರೀಬ್ಯಾಡ್ರಿ." ಗಂಡಿನ ತಂದೆ, ನಮ್ಮ ಸೊಸೆ ಡಿಗ್ರಿ ಮುಗಿಸಿ ಬಂದರೆ ನಮಗೇನು ನಷ್ಟ ಎಂದು ನಕ್ಕರು. ಅಯ್ಯನವರು ಮತ್ತೆ ಪಂಚಾಂಗ ತೆರೆದರು. ಪರೀಕ್ಷೆ ಮುಗಿದ ಮುಂದಿನ ವಾರದಲ್ಲೇ ಒಂದು ಮುಹೂರ್ತ ಸಿಕ್ಕಿತು.

ಮುತ್ಯಾ ಮೊದಲ ಮನೆಯಿಂದ ಮತ್ತೆ ಶುರು ಮಾಡಿದರು. ನಮ್ಮ ಸರದಿ ಬಂದಾಗ ಯಾರೂ ನಗಲಿಲ್ಲ. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. "ಒಪ್ಪಿಗಿ ಅದ್ರಿ," ಎಂದಳು. ಒಳಗೆ ಮದುವಣಗಿತ್ತಿ ನನ್ನ ಸೆರಗು ಹಿಡಿದುಕೊಂಡು ಅತ್ತಳು. ನಾನು ಅಳಲಿಲ್ಲ. ನನಗೆ ಅಷ್ಟು ಹೆಮ್ಮೆಯಾಗಿತ್ತು, ಇಂಥವಳನ್ನು ಹಡೆದದ್ದು ನಾನು ಎಂದು ಪಡಸಾಲೆಗೆಲ್ಲ ಕೂಗಿ ಹೇಳಬೇಕೆನಿಸಿತ್ತು.

ಸಂಜೆ ನಾವು ಮನೆ ಮುಟ್ಟುವ ಹೊತ್ತಿಗೆ ನಮ್ಮ ಮನೆಯವರು ಅಂಗಡಿಯಿಂದ ತುಸು ಬಿಡುವು ಕೇಳಿಕೊಂಡು ಬಂದು ಬಾಗಿಲಲ್ಲೇ ಕಾಯುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ತಾರೀಖು, ಪರೀಕ್ಷೆ, ಗದರಿದ್ದು, ನಕ್ಕದ್ದು ಯಾವುದೂ ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಮಗಳ ಕಡೆ ತಿರುಗಿ ಒಂದೇ ಒಂದು ಮಾತು ಕೇಳಿದರು.

"ಕಲಬುರಗಿ ಮನಿ ಅಂತ ಕರದ್ರನು?"

"ಎರಡು ಸಲ ಕರದ್ರು, ಪಪ್ಪಾ."

ಅವರು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು. ಮಗಳನ್ನು ಪಕ್ಕಕ್ಕೆ ಕರೆದು, "ಮುತ್ಯಾ ಹ್ಯಾಂಗ ಕರದ್ರು, ಇನ್ನೊಮ್ಮೆ ಹೇಳು," ಎಂದರು.