ಗಂಗಾಳ ಕಾಲಿನ ಬರೆ

ಗಂಗಾ, ನಿನ್ನ ಕಾಲಿಗೆ ಯಾವ ಕಾಯಿಲೆಯೂ ಇರಲಿಲ್ಲ. ಅದು ನನಗೆ ಆವತ್ತೇ ಗೊತ್ತಿತ್ತು. ಡಾಕ್ಟರು ಒಳಗೆ ಹೇಳಿದ್ದು ಒಂದು, ನಾನು ಹೊರಗೆ ಬಂದು ನಿನಗೆ ಹೇಳಿದ್ದು ಇನ್ನೊಂದು. ಗಡಿಬಿಡಿಯಲ್ಲಿ ಮರೆತು ಹೇಳಿದ್ದಲ್ಲ. ಬೇಕೆಂದೇ ಸುಳ್ಳು ಹೇಳಿದೆ.

ಇಷ್ಟು ಬರೆಯುವುದಕ್ಕೆ ಬೆಳಗಿನಿಂದ ಕೂತಿದ್ದೇನೆ. ನಿನ್ನೆ ನೀನು ಫೋನ್ ಮಾಡಿ ಆ ಮಾತು ಹೇಳದೆ ಇದ್ದಿದ್ದರೆ ಈಗಲೂ ಬರೆಯುತ್ತಿರಲಿಲ್ಲವೇನೋ. ನನ್ನ ಯೋಗ್ಯತೆ ಅಷ್ಟೇ.

ಆಗ ನಾವಿಬ್ಬರೂ ಅಜ್ಜಂಪುರದಲ್ಲಿದ್ದೆವು. ಡಿಗ್ರಿ ಮುಗಿಸಿ ಪೊಲೀಸ್ ನೌಕರಿಗೆ ಅರ್ಜಿ ಹಾಕಿ, ದಿನಾ ಬೆಳಿಗ್ಗೆ ಕಾಲೇಜಿನ ಮೈದಾನದಲ್ಲಿ ಓಡುತ್ತಿದ್ದೆವು. ನೀನು ಮುಂದೆ, ನಾನು ಹಿಂದೆ. ಎಷ್ಟು ಉಸಿರು ಕಟ್ಟಿ ಓಡಿದರೂ ನನಗೆ ಕಾಣುತ್ತಿದ್ದದ್ದು ನಿನ್ನ ಬೆನ್ನೇ. ನಮ್ಮ ಜಿಲ್ಲೆಗೆ ಹೆಣ್ಣುಮಕ್ಕಳ ಜಾಗ ಕೆಲವೇ ಕೆಲವು ಎಂದು ಎಲ್ಲರೂ ಹೇಳುತ್ತಿದ್ದರು. ನೀನು ಆಯ್ಕೆಯಾಗುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ನನ್ನ ಮೇಲೆ. ಹೊಟ್ಟೆಕಿಚ್ಚು ಎಂಬ ಮಾತಿಗೆ ಬೇರೆ ನಯವಾದ ಹೆಸರು ಹುಡುಕಿ ನೋಡಿದೆ, ಸಿಗಲಿಲ್ಲ.

ನಿನ್ನ ಮಂಡಿಯ ಹಿಂದೆ, ಮೀನಖಂಡದ ಪಕ್ಕದಲ್ಲಿ ಕೆಂಪು-ನೀಲಿ ಗೆರೆಗಳು ಮೂಡಿದ್ದವು. ಜೇಡ ಬಲೆ ನೇಯಲು ಶುರುಮಾಡಿ ಅರ್ಧಕ್ಕೆ ಬಿಟ್ಟುಹೋದ ಹಾಗೆ. ದೈಹಿಕ ಪರೀಕ್ಷೆಯಲ್ಲಿ ಕಾಲು ನೋಡುತ್ತಾರೆ, ನರ ಉಬ್ಬಿದ್ದರೆ ಮನೆಗೆ ಕಳಿಸುತ್ತಾರೆ ಎಂದು ಯಾರೋ ನಿನಗೆ ಹೇಳಿದ್ದರು. ನೀನು ಹೆದರಿದೆ. ಇಬ್ಬರೂ ರೈಲು ಹತ್ತಿ ಬೀರೂರಿನ ಡಾಕ್ಟರಮ್ಮನ ಹತ್ತಿರ ಹೋದೆವು.

ನಮ್ಮ ಮನೆಗಳ ರೂಢಿ ನಿನಗೆ ಗೊತ್ತೇ ಇದೆ. ಕಾಯಿಲೆಯವರ ಎದುರಿಗೆ ಕಾಯಿಲೆಯ ಮಾತು ಆಡುವಂತಿಲ್ಲ. ತೋರಿಸಿಕೊಂಡವರು ಹೊರಗೆ ಹೋಗಬೇಕು, ಜೊತೆಗೆ ಬಂದವರು ಒಳಗೆ ನಿಂತು ಕೇಳಿಸಿಕೊಳ್ಳಬೇಕು. "ನೀನೇ ಕೇಳ್ಕಂಡ್ ಬಾರೇ, ನಂಗೆ ಎದೆ ಹೊಡ್ಕಂತೈತೆ" ಎಂದು ನೀನು ಎದ್ದು ಹೋದೆ. ಡಾಕ್ಟರಮ್ಮ ನಿನ್ನನ್ನು ನಿಲ್ಲಿಸಿ, ಮಲಗಿಸಿ, ಕಾಲು ಒತ್ತಿ ಎಲ್ಲಾ ನೋಡಿಯಾಗಿತ್ತು. ಕೈ ತೊಳೆಯುತ್ತಾ ನನಗೆ ಹೇಳಿದರು:

"ಹೆದರ್ಕೋಬೇಡಿ ಅನ್ನಿ. ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಹಿಗ್ಗಿ ಕಾಣಿಸ್ತಿವೆ, ಅಷ್ಟೆ. ದೊಡ್ಡ ನರ ಉಬ್ಬಿ ಗಂಟಾಗೋದು ಬೇರೆ, ಇದು ಬೇರೆ. ಓಡೋದಕ್ಕೆ ಏನೂ ತೊಂದ್ರೆ ಇಲ್ಲ, ಓಡಿದ್ರೆ ಒಳ್ಳೇದೇ. ನೋಡೋಕೆ ಚೆನ್ನಾಗಿಲ್ಲ ಅನ್ಸಿದ್ರೆ ಮುಂದೆ ಯಾವಾಗ್ಲಾದ್ರೂ ಇಂಜೆಕ್ಷನ್‌ನಲ್ಲಿ ಹೋಗಿಸ್ಬಹುದು. ಅವಸರ ಇಲ್ಲ."

ನಾನು ಬಾಗಿಲು ದಾಟುವವರೆಗೂ ಅದನ್ನೇ ನಿನಗೆ ಹೇಳುವವಳಿದ್ದೆ. ನಿಜ ಗಂಗಾ — ಆದರೆ ಅದನ್ನು ನೀನು ನಂಬಬೇಕಾಗಿಲ್ಲ. ಹೊರಗೆ ಬೆಂಚಿನ ಮೇಲೆ ನೀನು ಮುದುರಿ ಕೂತಿದ್ದೆ. ನನ್ನ ಮುಖ ನೋಡಿ, "ಏನಂದ್ರೇ?" ಎಂದೆ. ಆ ಕ್ಷಣ ಮೊದಲ ಸಲ ನನಗೆ ನಿನ್ನ ಬೆನ್ನಲ್ಲ, ಮುಖ ಕಂಡಿತು. ಹೆದರಿದ ಮುಖ. ಅದು ನನಗೆ — ಹೇಗೆ ಹೇಳಲಿ — ಹಿತವಾಗಿತ್ತು.

"ನರದ ಕಾಯ್ಲೆಯಂತೆ ಕಣೇ. ಓಡಿದ್ರೆ ಒಡೀತವಂತೆ."

ಇಷ್ಟೇ ನಾನು ಆಡಿದ್ದು. ನೀನು ಅತ್ತು ಸುಮ್ಮನಾಗುತ್ತೀಯ, ಓಟ ಬಿಡುತ್ತೀಯ ಎಂದುಕೊಂಡಿದ್ದೆ. ನಿನ್ನ ಹಟವನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಡಾಕ್ಟರಿಂದ ಆಗದಿದ್ದರೆ ಬರೆ ಹಾಕಿಸಿಯಾದರೂ ವಾಸಿ ಮಾಡಿಕೊಳ್ಳುತ್ತೇನೆ ಎಂದು ನೀನು ನಿಮ್ಮಮ್ಮನ ಮುಂದೆ ಕೂತೆ. ಎಮ್ಮೆದೊಡ್ಡಿ ಕಡೆ ಒಬ್ಬ ಮುದುಕ ಇದ್ದಾನೆ, ಹುಲ್ಲುಗಾವಲಿನ ದನಗಳಿಗೆ ಬರೆ ಹಾಕುವ ಕೈ, ಮನುಷ್ಯರ ನರಕ್ಕೂ ಹಾಕುತ್ತಾನೆ ಎಂದು ನಿಮ್ಮಮ್ಮನಿಗೆ ಯಾರೋ ಹೇಳಿದ್ದರು. ನನ್ನ ಅಣ್ಣನ ಗಾಡಿಯಲ್ಲಿ ನಿನ್ನನ್ನು ಹಿಂದೆ ಕೂರಿಸಿಕೊಂಡು ಹೋದವಳು ನಾನೇ. ದಾರಿಯುದ್ದಕ್ಕೂ ನೀನು ನನ್ನ ಭುಜ ಹಿಡಿದಿದ್ದೆ. ತಿರುವಿಗೊಂದು ಸಲ, ಇಲ್ಲಿ ಹೇಳಿಬಿಡೋಣ, ಮುಂದಿನ ತಿರುವಿನಲ್ಲಿ ಹೇಳಿಬಿಡೋಣ ಎಂದುಕೊಂಡೆ. ದಾರಿ ಮುಗಿಯಿತು.

ಬೆಂಕಿಯಲ್ಲಿ ಕಬ್ಬಿಣದ ಸಲಾಕೆ ಕಾಯುತ್ತಿತ್ತು. ನಿನ್ನನ್ನು ಗೋಣಿಚೀಲದ ಮೇಲೆ ಬೋರಲು ಮಲಗಿಸಿದರು. "ಅಲ್ಲಾಡ್ಬ್ಯಾಡ ಕಣವ್ವಾ, ಅಲ್ಲಾಡಿದ್ರೆ ಜಾಗ ತಪ್ತದೆ" ಎಂದ ಮುದುಕ. ನೀನು ಕೈ ಚಾಚಿದೆ. ನಾನು ಹಿಡಿದುಕೊಂಡೆ. ಸಲಾಕೆ ಬೆಂಕಿಯಿಂದ ಹೊರಗೆ ಬಂತು. ತುದಿ ಕೆಂಪಗಿತ್ತು. ಈಗ ಹೇಳು, ಈಗಲಾದರೂ ಬಾಯಿ ಬಿಡು, "ನಿಲ್ಸಜ್ಜಾ" ಎಂದರೆ ಸಾಕು — ನಾನು ನಿನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದೆ. ಹೇಳಿದರೆ ನಾನು ಎಂಥವಳೆಂದು ನಿನಗೆ ತಿಳಿದುಹೋಗುತ್ತದಲ್ಲ ಎಂಬ ಭಯ. ನಿನ್ನ ಕಾಲಿಗಿಂತ ನನಗೆ ನನ್ನ ಹೆಸರು ದೊಡ್ಡದಾಗಿತ್ತು. ನೀನು ಕಿರುಚಿದೆ. ಆಮೇಲೆ ಇನ್ನೂ ಒಂದು ಕಡೆ ಹಾಕಿದ. ಆಗ ನೀನು ಕಿರುಚಲಿಲ್ಲ, ನನ್ನ ಕೈಗೆ ಉಗುರು ಊರಿದೆ.

ಮಂಡಿಯ ಹಿಂದಿನ ಗಾಯ ಮಾಯಲಿಲ್ಲ. ಕಾಲು ಮಡಿಸಿದಾಗೆಲ್ಲ ಬಿರಿದುಕೊಂಡು ಕೀವು ತುಂಬಿತು. ಓಟದ ಪರೀಕ್ಷೆಯ ದಿನ ನೀನು ಮನೆಯಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದೆ. ನಾನು ಓಡಿದೆ. ನನ್ನ ಮುಂದೆ ನೀನಿರಲಿಲ್ಲ. ಆಯ್ಕೆಯಾದೆ. ಸುದ್ದಿ ಕೇಳಿ ಮೊದಲು ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದವಳು ನೀನು.

ಹದಿನಾರು ವರ್ಷದಿಂದ ಅನ್ನ ತಿನ್ನುತ್ತಿರುವುದು ಆ ನೌಕರಿಯಲ್ಲೇ. ನೀನು ಪಂಚನಹಳ್ಳಿಗೆ ಮದುವೆಯಾಗಿ ಹೋದೆ, ಹೊಲಿಗೆ ಯಂತ್ರದ ಮುಂದೆ ಕೂತೆ. ಕಾಲು ಮಡಿಸಿ ನೆಲದ ಮೇಲೆ ಕೂರಲು ನಿನಗೆ ಈಗಲೂ ಆಗುವುದಿಲ್ಲ. ನಿನ್ನ ಮನೆಗೆ ಬಂದಾಗಲೆಲ್ಲ ನೀನು ಕುರ್ಚಿ ಎಳೆದುಕೊಳ್ಳುವುದನ್ನು ನೋಡಿ, ಬೇರೆ ಏನಾದರೂ ಮಾತು ತೆಗೆಯುತ್ತಿದ್ದೆ.

ಈಚೆಗೆ ನನ್ನ ಕಾಲಿನಲ್ಲೂ ಅದೇ ಗೆರೆಗಳು ಬಂದವು. ತರೀಕೆರೆಯಲ್ಲಿ ಬಂದೋಬಸ್ತಿಗೆ ನಿಂತೂ ನಿಂತೂ ಇರಬಹುದು, ಮನೆತನದಿಂದಲೂ ಇರಬಹುದು. ಶಿವಮೊಗ್ಗಕ್ಕೆ ಹೋಗಿ ತೋರಿಸಿದೆ. ಒಳಗಿನ ದೊಡ್ಡ ನರಗಳು ಸರಿಯಾಗಿವೆಯೇ ಎಂದು ಮೊದಲು ಸ್ಕ್ಯಾನ್ ಮಾಡಿದರು. ಆಮೇಲೆ ಕೂದಲಿನಂಥ ಸೂಜಿಯಲ್ಲಿ ಗೆರೆಯೊಳಗೇ ಔಷಧಿ ಬಿಟ್ಟರು. ಇರುವೆ ಕಚ್ಚಿದಷ್ಟು ಉರಿ. ಆ ನಾಳ ಒಳಗೊಳಗೇ ಅಂಟಿ ಮುಚ್ಚಿಕೊಳ್ಳುತ್ತದೆ, ರಕ್ತ ಬೇರೆ ನಾಳದಲ್ಲಿ ಹರಿಯುತ್ತದೆ, ಗೆರೆ ನಿಧಾನವಾಗಿ ಮಾಸುತ್ತದೆ ಎಂದರು. ಒಂದೇ ಸಲಕ್ಕೆ ಎಲ್ಲಾ ಹೋಗುವುದಿಲ್ಲ, ಕೆಲವು ದಿನ ಕಂದು ಕಲೆ ಉಳಿಯುತ್ತದೆ, ಹೊಸ ಗೆರೆ ಮತ್ತೆ ಬರಲೂಬಹುದು ಎಂದೂ ಹೇಳಿದರು. ಬಿಗಿಯಾದ ಕಾಲುಚೀಲ ಹಾಕಿ, ನಡೆದಾಡಿಕೊಂಡು ಹೋಗಿ ಎಂದು ಕಳಿಸಿದರು. ನಾನು ನಡೆದುಕೊಂಡೇ ಬಸ್‌ಸ್ಟ್ಯಾಂಡಿಗೆ ಬಂದೆ. ಅಲ್ಲಿ ನಿಂತು ಅತ್ತೆ. ನೋವಿಗಲ್ಲ.

ಆಗಲೂ ನಿನಗೆ ಹೇಳಲಿಲ್ಲ ನೋಡು.

ನಿನ್ನೆ ನೀನು ಫೋನ್ ಮಾಡಿದೆ. "ಚೈತ್ರಾಗೂ ನನ್ನಂಗೇ ನರ ಎದ್ದವೆ ಕಣೇ. ಭಾನುವಾರ ಬರೆ ಹಾಕ್ಸೋಣ ಅಂತಿದೀನಿ, ಆ ಮುದುಕನ ಮಗ ಈಗ ಹಾಕ್ತಾನಂತೆ. ನಂದು ತಡವಾಗಿ ಹಾಕ್ಸಿದ್ಕೇ ಓಟ ತಪ್ಪೋಯ್ತು. ಇವ್ಳಿಗೆ ಈಗ್ಲೇ ಹಾಕ್ಸಿದ್ರೆ ಪೊಲೀಸ್ ಓಟದ ಹೊತ್ತಿಗೆ ಮಾದಿರ್ತದೆ. ನೀನೂ ಬಾ, ಅವತ್ತು ನನ್ ಕೈ ಹಿಡ್ಕಂಡಿದ್ಯಲ್ಲ, ಇವ್ಳಿಗೂ ಹಿಡ್ಕಳಿವಂತೆ" ಎಂದೆ. ನಾನು ಏನೋ ಒಂದು "ಹೂಂ" ಎಂದು ಫೋನ್ ಇಟ್ಟೆ. ಹೂಂ ಎಂದೆ ಗಂಗಾ! ನನ್ನ ಬಾಯಿಗೆ ಹುಳ ಬೀಳಬೇಕು.

ನಿನ್ನ ಮಗಳು ಶಾಲೆಯ ಓಟದಲ್ಲಿ ನಿನ್ನಂತೆಯೇ ಎಲ್ಲರಿಗಿಂತ ಮುಂದೆ. ನನ್ನನ್ನು ಪೊಲೀಸ್ ದೊಡ್ಡಮ್ಮ ಎಂದು ಕರೆಯುತ್ತಾಳೆ. ದೊಡ್ಡಮ್ಮನ ಹಾಗೆ ಆಗುತ್ತೇನೆ ಎನ್ನುತ್ತಾಳೆ.

ರಜೆ ಕೇಳಿದ್ದೇನೆ. ಶನಿವಾರವೇ ಪಂಚನಹಳ್ಳಿಗೆ ಬರುತ್ತೇನೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಬಂದಾಗ ಬಾಯಿ ಕಟ್ಟಿದರೆ ಇರಲಿ ಎಂದೇ ಬರೆದು ತರುತ್ತಿದ್ದೇನೆ, ನಾನೇ ನಿಂತು ಓದುತ್ತೇನೆ. ನಿನ್ನಿಂದ ಕಿತ್ತುಕೊಂಡದ್ದನ್ನು ವಾಪಸು ಕೊಡುವ ದಾರಿ ನನಗೆ ತಿಳಿಯದು. ಬಾಗಿಲು ಹಾಕಿಕೊಂಡರೂ, ಊರವರ ಮುಂದೆ ನಿಲ್ಲಿಸಿ ಉಗಿದರೂ ಸರಿ. ಆದರೆ ಚೈತ್ರಾಳನ್ನು ಆ ಬೆಂಕಿಯ ಹತ್ತಿರಕ್ಕೆ ಕರೆದುಕೊಂಡು ಹೋಗಬೇಡ. ಇನ್ನೊಂದು ಮಾತು, ಓದಲು ಶುರುಮಾಡುವ ಮೊದಲೇ ಕೇಳಿಕೊಳ್ಳುತ್ತೇನೆ — ಅವಳನ್ನು ಒಳಗೆ ಕಳಿಸಬೇಡ. ನನ್ನ ಹಾಗೆ ಆಗುತ್ತೇನೆ ಎನ್ನುವ ಆ ಹುಡುಗಿಯ ಎದುರಿಗೇ ಓದಬೇಕು.