ನೀರು ಕುಡಿದ ಗೋಡೆ

ಸಂತೋಷವಾದರೆ ಯಾರಿಗಾದರೂ ಹೇಳಬೇಕು. ಹಗಲು ಹೊತ್ತು ಈ ಮನೆಯಲ್ಲಿ ಹೇಳಿಕೊಳ್ಳಲು ಯಾರೂ ಇರುವುದಿಲ್ಲ. ಮಗಳು ಆಸ್ಪತ್ರೆಯಲ್ಲಿ ನರ್ಸು, ಅಳಿಯನಿಗೆ ಈಸ್ಟ್ ತಮಾಕಿಯ ಕಡೆ ಎಂಜಿನಿಯರ್ ಕೆಲಸ, ಆರು ವರ್ಷದ ಮೊಮ್ಮಗಳು ಶಾಲೆಗೆ ಹೋಗುತ್ತಾಳೆ. ಮೈಸೂರಿಗೆ ಫೋನ್ ಮಾಡೋಣವೆಂದರೆ ಅಲ್ಲಿ ಇನ್ನೂ ಬೆಳಗಾಗಿರುವುದಿಲ್ಲ. ಅದಕ್ಕೇ ಬರೆಯಲು ಕೂತೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಹೋದವನು ನಾನು. ಕರಣೆ ಹಿಡಿದಷ್ಟು ಸಲೀಸಾಗಿ ಪೆನ್ನು ಹಿಡಿಯಲು ಬರುವುದಿಲ್ಲ.

ಹೆಂಡತಿ ಹೋದ ಮೇಲೆ ಮಗಳು ನನ್ನನ್ನು ಆಕ್ಲೆಂಡಿಗೆ ಕರೆದುಕೊಂಡು ಬಂದಳು. ಆಗ ಅವರು ಏವನ್‌ಡೇಲ್‌ನಲ್ಲಿ ಹಳೆಯ ಬಾಡಿಗೆ ಮನೆಯಲ್ಲಿದ್ದರು. ಚಳಿಗಾಲದ ಬೆಳಿಗ್ಗೆ ಆ ಮನೆಯ ಕಿಟಕಿ ಗಾಜುಗಳೆಲ್ಲ ಬೆವರುತ್ತಿದ್ದವು. ಮಗಳು ಟವೆಲ್‌ನಲ್ಲಿ ಒರೆಸಿ, ಬಕೆಟ್ಟಿಗೆ ಹಿಂಡಿ, ಡ್ಯೂಟಿಗೆ ಓಡುತ್ತಿದ್ದಳು. ಬೀರುವಿನ ಹಿಂದೆ ಕಪ್ಪು ಬೂಷ್ಟು. ಆ ಗಾಳಿ ಕುಡಿದೇ ಮೊಮ್ಮಗಳಿಗೆ ಉಬ್ಬಸ ಹತ್ತಿತ್ತು. ನಾಲ್ಕು ಹೆಜ್ಜೆ ಓಡಿದರೆ ಎದೆಯಲ್ಲಿ ಗೊರಗೊರ. ನನ್ನ ಜೊತೆ ಅವಳಿಗೆ ಮಾತೂ ಇರಲಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವಳು, ನಾನು ತಲೆಯಾಡಿಸುವೆ.

ಮಗುವಿನ ಎದೆಗೆ ಒಗ್ಗುವಂಥ ಮನೆ ಕಟ್ಟಬೇಕೆಂದು ಅವರು ಹಿಲ್ಸ್‌ಬರೋದಲ್ಲಿ ಜಾಗ ತೆಗೆದುಕೊಂಡರು. ಮನೆಯ ನಕ್ಷೆ ಮಾಡುವ ಹೆಂಗಸು ಒಂದು ದಿನ ಚೀಲ ಹೊತ್ತುಕೊಂಡು ಬಂದಳು. ಅದರಲ್ಲಿ ಮರದ ತುಂಡು, ಉಣ್ಣೆ, ಕಲ್ಲು, ಮಣ್ಣು ಮೆತ್ತಿದ ಹಲಗೆ. ಎಲ್ಲರೂ ಕಣ್ಣು ಮುಚ್ಚಿ ಮುಟ್ಟಿ, ಮೂಸಿ, ಬೆರಳಲ್ಲಿ ತಟ್ಟಿ ಕೇಳಿ ಎಂದಳು. ನನಗೂ ಕೊಟ್ಟಳು. ಈ ದೇಶಕ್ಕೆ ಬಂದ ಮೇಲೆ ನನ್ನನ್ನೂ ಒಂದು ಮಾತು ಕೇಳಿದವಳು ಆಕೆಯೇ ಮೊದಲು. ಮೊಮ್ಮಗಳು ಮಣ್ಣಿನ ಹಲಗೆಯ ಮೇಲೆ ಕೆನ್ನೆಯಿಟ್ಟಳು, ತೆಗೆಯಲೇ ಇಲ್ಲ.

"ಮಣ್ಣಿನ ಗೋಡೆ ಗಾಳಿಯಲ್ಲಿರೋ ತೇವ ಎಳ್ಕೊಂಡು, ಆಮೇಲೆ ನಿಧಾನಕ್ಕೆ ಬಿಡುತ್ತಂತಪ್ಪ. ಪೇಂಟ್ ವಾಸನೆ ಇಲ್ಲ, ಸದ್ದೂ ಗುಂಯ್ ಅನ್ನಲ್ಲ," ಎಂದು ಮಗಳು ಅರ್ಥ ಹೇಳಿದಳು.

"ಅವಳು ಮಲಗೋ ರೂಮಿನ ಗೋಡೆ ನಾನೇ ಮೆತ್ತುತೀನಿ ಅಂತ ಹೇಳವ್ವ ಆಯಮ್ಮಂಗೆ," ಎಂದೆ. ಆಕೆ ನನ್ನ ಕೈ ತಿರುಗಿಸಿ ಅಂಗೈ ನೋಡಿದಳು. ಸರಿ ಎಂದಳು.

ಮನೆ ಎದ್ದು ನಿಂತ ಮೇಲೆ ಮಿಕ್ಕ ಗೋಡೆಗಳ ಕೆಲಸಕ್ಕೆ ಬಂದವನು ಇಲ್ಲಿಯ ಬಿಳಿ ಮೇಸ್ತ್ರಿ, ನನ್ನ ಮಗಳ ವಯಸ್ಸಿನವನು. ಎರಡು ದಿನ ಅಕ್ಕಪಕ್ಕ ನಿಂತು ಕೆಲಸ ಮಾಡಿದೆವು. ಅವನಿಗೆ ನನ್ನ ಮಾತು ಬಾರದು, ನನಗೆ ಅವನದು ಬಾರದು, ಆದರೂ ಮಣ್ಣು ಗಟ್ಟಿಯಾದರೆ ಇಬ್ಬರಿಗೂ ಒಟ್ಟಿಗೇ ಗೊತ್ತಾಗುತ್ತಿತ್ತು. ಹೊರಡುವಾಗ ಕಿಟಕಿ ತೋರಿಸಿ ಏನೋ ಹೇಳಿ, ಸಾಮಾನು ಹೇರುವ ತನ್ನ ಯೂಟ್ ಗಾಡಿ ಹತ್ತಿಕೊಂಡು ಹೋದ. ದಿನವೂ ಬಸ್ಸಿನಲ್ಲಿ ಬಂದು ಕಿಟಕಿ ತೆರೆದಿಡುವುದು ನನ್ನ ಕೆಲಸವೆಂದು ಮಗಳು ಬೀಗದ ಕೈ ಕೊಟ್ಟಳು.

ಖಾಲಿ ಮನೆ. ನನ್ನ ಚಪ್ಪಲಿಯ ಸದ್ದು ಬಿಟ್ಟರೆ ಇನ್ನೊಂದಿಲ್ಲ. ಮಾರನೇ ದಿನ ನಾನು ಮೆತ್ತಿದ ಗೋಡೆಯ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಪ್ಲಾಸ್ಟರ್ ಬಿರುಕು ಬಿಟ್ಟರೆ ನಮ್ಮಲ್ಲಿ ಏನು ಮಾಡುತ್ತಾರೆ? ನೀರು ಹೊಡೆಯುತ್ತಾರೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಏಳು ದಿನ. ಒಂದು ಹೊತ್ತು ತಪ್ಪಿಸಿದ ಹುಡುಗರಿಗೆ ನಾನು ಬೈದ ಬೈಗುಳ ಅಷ್ಟಿಷ್ಟಲ್ಲ. ಮಗ್ಗಿನಲ್ಲಿ ನೀರು ತಂದೆ. ಗಾಳಿಗೆ ಬೇಗ ಒಣಗಬಾರದೆಂದು ಆ ರೂಮಿನ ಕಿಟಕಿಯನ್ನೂ ಮುಚ್ಚಿದೆ. ಗೋಡೆ ಗಟಗಟ ಕುಡಿಯಿತು. ಕುಡಿ ಮಗಾ, ಕುಡಿ ಎಂದೆ. ದಿನಕ್ಕೆ ಎರಡು ಹೊತ್ತಿನ ಕೆಲಸ ಸಿಕ್ಕಿತಲ್ಲ, ಬಸ್ಸಿನಲ್ಲಿ ಕೂತರೆ ನಾನೂ ಡ್ಯೂಟಿಗೆ ಹೋಗುವವರಲ್ಲಿ ಒಬ್ಬ ಅನ್ನಿಸುತ್ತಿತ್ತು. ಏಳು ದಿನ ಮುಗಿದ ಮೇಲೂ ನಿಲ್ಲಿಸಲು ಮನಸ್ಸು ಬರಲಿಲ್ಲ.

ಹತ್ತನೇ ದಿನವೋ ಏನೋ, ಬಾಗಿಲು ತೆಗೆದರೆ ಅದೇ ವಾಸನೆ. ಬಾಡಿಗೆ ಮನೆಯ ಬೀರುವಿನ ಹಿಂದಿನ ವಾಸನೆ. ಗೋಡೆಯ ಕೆಳಗೆ, ಮಗುವಿನ ತಲೆದಿಂಬು ಬರುವ ಕಡೆಯೇ, ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕಿ.

ಒರೆಸಿದೆ. ಮತ್ತಷ್ಟು ಹರಡಿತು. ಸಂಜೆ ಮಗಳು ಬಂದು ನೋಡಿ ಬಾಗಿಲಲ್ಲೇ ನಿಂತಳು.

"ನೀರು ಹಾಕಿದ್ಯಾ ಅಪ್ಪ?"

"ದಿನಾ ಹೊಡ್ದೆ ಕಣವ್ವ. ಬಿರುಕು ಬಿಟ್ಟಿತ್ತು."

"ಬೂಷ್ಟಿಂದ ಮಗೂನ ತಪ್ಸೋಕೆ ಮನೆ ಕಟ್ಟಿದ್ರೆ, ನೀನೇ ಬೂಷ್ಟು ಬೆಳ್ಸಿದ್ಯಲ್ಲಪ್ಪ!" ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮಾರನೇ ದಿನ ಬಿಳಿ ಮೇಸ್ತ್ರಿ ಬಂದ. ಗೋಡೆ ನೋಡಿದ, ಮಗ್ಗು ನೋಡಿದ, ನನ್ನನ್ನು ನೋಡಿದ. ಕುಕ್ಕರುಗಾಲಲ್ಲಿ ಕೂತು ನಕ್ಕ. ಮಗಳು ಅವನ ಮಾತನ್ನು ಹೇಳಿದಳು: "ಇದು ಸಿಮೆಂಟ್ ಅಲ್ವಂತೆ. ಸಿಮೆಂಟು ನೀರು ಕುಡ್ದು ಗಟ್ಟಿ ಆಗುತ್ತೆ, ಮಣ್ಣು ಒಣಗಿದ್ರೇನೇ ಗಟ್ಟಿ. ಒಳಗೆ ಹುಲ್ಲಿದೆ, ನೆಂದ್ರೆ ಬೂಷ್ಟು ಬರ್ದೆ ಇನ್ನೇನು ಅಂತಾನೆ. ಪೂರ್ತಿ ಕೆರೀಬೇಕಂತೆ."

ನನ್ನ ಮುಖಕ್ಕೆ ಹೊಡೆದಂತಾಯಿತು. ನಮ್ಮವ್ವ ವರ್ಷ ವರ್ಷ ಮಣ್ಣಿನ ಗೋಡೆ ಮೆತ್ತುತ್ತಿದ್ದಳು, ಎಂದೂ ಅದಕ್ಕೆ ನೀರು ಎರಚಿದವಳಲ್ಲ. ಸಿಮೆಂಟ್ ಹಿಡಿದ ಕೈ ಅದನ್ನು ಮರೆತೇಬಿಟ್ಟಿತ್ತು.

ಇಬ್ಬರೂ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಕೆರೆದೆವು. ಹೊಸ ಮಣ್ಣು ಕಲಸಿದ ಮೇಲೆ ಅವನೇ ಮಾಡುತ್ತಾನೆಂದುಕೊಂಡು ನಾನು ಹಿಂದೆ ಸರಿದೆ. ಅವನು ಕರಣೆಯ ಹಿಡಿಯನ್ನು ನನ್ನ ಕಡೆ ಚಾಚಿದ.

ಆದರೆ ಗೋಡೆ ಒಣಗಲು ಇನ್ನೂ ಐದು ವಾರ ಬೇಕಾಯಿತು. ಅಷ್ಟು ದಿನವೂ ಮಗು ಆ ಒದ್ದೆ ಬಾಡಿಗೆ ಮನೆಯಲ್ಲೇ. ಒಂದು ಮಧ್ಯಾಹ್ನ ಅವಳಿಗೆ ಉಸಿರೇ ಸಿಗದಂತಾಯಿತು. ಮಗಳು ಅವಳ ಬಾಯಿಗೆ ಉಬ್ಬಸದ ಔಷಧಿಯ ಪಂಪು ಹಿಡಿದು, ಎಳಿ ಪುಟ್ಟಿ, ಬಿಡು, ಎಳಿ ಎನ್ನುತ್ತಿದ್ದಳು. ಆ ಪುಟ್ಟ ಭುಜಗಳು ಕಿವಿಯವರೆಗೆ ಏರಿ ಇಳಿಯುವುದನ್ನು ನೋಡಲಾಗದೆ ನಾನು ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕುವ ಕಂಬ ಹಿಡಿದು ನಿಂತೆ. ನಾನು ನೀರು ಹಾಕದಿದ್ದರೆ ಅವಳು ಇಷ್ಟು ಹೊತ್ತಿಗೆ ಹೊಸ ಮನೆಯಲ್ಲಿರುತ್ತಿದ್ದಳು. ಇದನ್ನು ಹೆಂಡತಿಗೆ ಹೇಳಬಹುದಿತ್ತು. ಅವಳಿರಲಿಲ್ಲ.

ಚಳಿ ಮುಗಿಯುವ ಹೊತ್ತಿಗೆ ಹೊಸ ಮನೆಗೆ ಬಂದು ಸೇರಿದೆವು. ಮೊಮ್ಮಗಳು ಶೂ ಕೂಡ ಬಿಚ್ಚದೆ ನೇರ ತನ್ನ ಗೋಡೆಗೆ ಹೋಗಿ ಮೂಸಿದಳು.

"ಬಿಸ್ಕೆಟ್!" ಎಂದಳು.

"ನೆಕ್ಕಬೇಡ ಕಣೇ," ಎಂದ ಅಳಿಯ. "ಮಾವ ಇನ್ನೊಂದ್ ಸಲ ಮೆತ್ತಬೇಕಾಗುತ್ತೆ."

ಎಲ್ಲರೂ ನಕ್ಕರು. ಮಗಳು ನನ್ನ ಮುಖ ನೋಡಿ ನಕ್ಕಳು, ಎಷ್ಟೋ ದಿನದ ಮೇಲೆ.

ಆಮೇಲೆ ದಿನ ಹೋದಂತೆ ಗೊರಗೊರ ಕಡಿಮೆಯಾಯಿತು. ಪೂರ್ತಿ ವಾಸಿಯಾಯಿತು ಅನ್ನಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಅನ್ನುವುದಿಲ್ಲ. ಆದರೆ ನೆನ್ನೆ ನಡೆದದ್ದನ್ನು ಹೇಳದೆ ಹೇಗಿರಲಿ?

ಶಾಲೆಯಿಂದ ಅವಳನ್ನು ಕರೆದುಕೊಂಡು ಬರುತ್ತಿದ್ದೆ. ನಮ್ಮ ರಸ್ತೆ ಏರು. ಅವಳು ಕೈ ಬಿಡಿಸಿಕೊಂಡು ಓಡಿದಳು. "ನಿಧಾನ ಮಗಾ!" ಎಂದು ಕೂಗಿದೆ. ನಿಲ್ಲಲಿಲ್ಲ. ಬೆನ್ನ ಮೇಲೆ ಚೀಲ ಕುಣಿಯುತ್ತ ತುದಿಯವರೆಗೂ ಓಡಿದಳು. ಓಡಿ, ಅಲ್ಲೇ ಸುತ್ತು ಹಾಕುತ್ತಾ, "ತಾತಾ, ಕಮಾನ್! ಬೇಗ ಬಾ!" ಎಂದು ಕಿರುಚಿದಳು. ಏದುಸಿರೂ ಇಲ್ಲ, ಕೆಮ್ಮೂ ಇಲ್ಲ. ಬೇಗ ಬಾ ಎಂದದ್ದು ಕನ್ನಡ!

ಯಾರಿಗಾದರೂ ಹೇಳಬೇಕೆಂದು ಸುತ್ತ ನೋಡಿದೆ. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ, ಇಲ್ಲಿ ಯಾವಾಗಲೂ ಹಾಗೇ. ಅಷ್ಟರಲ್ಲಿ ನಾಯಿ ಹಿಡಿದುಕೊಂಡು ಒಬ್ಬ ಮುದುಕಿ ಬಂದಳು. ಅವಳನ್ನು ತಡೆದು ನಿಲ್ಲಿಸಿ ಬೆರಳು ಮಾಡಿ ತೋರಿಸಿದೆ.

"ನೋಡಿ ತಾಯಿ, ನನ್ ಮೊಮ್ಮಗಳು ಓಡ್ತಾವ್ಳೆ!"

ಆಕೆ ಮೇಲೆ ನೋಡಿದಳು, ನನ್ನನ್ನು ನೋಡಿದಳು. ಏನು ಅರ್ಥವಾಯಿತೋ, ನನ್ನ ತೋಳು ತಟ್ಟಿ, ಇಂಗ್ಲಿಷಿನಲ್ಲಿ ಏನೋ ಹೇಳಿ, ನಾಯಿಯ ಹಿಂದೆ ಇಳಿದು ಹೋದಳು. ನಾನು ಏರು ಹತ್ತಿದೆ.